ಹನ್ನೊಂದು ಎಡಗೈ ಗಂಟು

ಜನವರಿ ೯

ಪುಟ್ಟಿಗೆ,

ಕವರಿನ ಮೇಲೆ ನನ್ನ ಅಕ್ಷರ ನೋಡಿ ಮುಖ ಗಂಟಿಕ್ಕಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಹರಿದು ಬಿಸಾಡುವ ಮುಂಚೆ ಒಂದು ಸಲ ಓದುತ್ತೀಯ. ಚಿಕ್ಕಂದಿನಲ್ಲಿ ಸಾಮಾನು ಕಟ್ಟಿಕೊಂಡು ಬಂದ ಪೇಪರನ್ನೂ ಓದದೆ ಬಿಟ್ಟವಳಲ್ಲ ನೀನು.

ಅಮ್ಮ ಹೋಗಿ ಮೊನ್ನೆಗೆ ಎರಡು ವರ್ಷ ತುಂಬಿತು. ಬೆಳಿಗ್ಗೆ ದೇವರ ಮುಂದೆ ಕೂತು ಅಮ್ಮನಿಗಾಗಿ ಬೇಡಿಕೊಂಡೆ. ಆಮೇಲೆ ನಿನಗಾಗಿಯೂ ಬೇಡಿಕೊಂಡೆ. ನಿನಗೆ ಬೇಡ ಅನ್ನಿಸಿದರೂ ಬೇಡಿಯಾಗಿದೆ, ಇನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ.

ನಾನು ಕೆಲಸ ಬದಲಾಯಿಸಿದ್ದು ಯಾರಾದರೂ ಹೇಳಿರಬೇಕು. ಇದು ಲಾಭಕ್ಕಲ್ಲದೆ ನಡೆಯುವ ಒಂದು ಸಂಸ್ಥೆ. ಹಳೆಯ ಗೋದಾಮಿನಲ್ಲಿದೆ. ದರ್ಜಿ ಅಂಗಡಿಗಳು, ಕಾರ್ಖಾನೆಗಳು, ಮನೆಗಳು ಬೇಡವೆಂದು ಬಿಟ್ಟದ್ದೆಲ್ಲ ಇಲ್ಲಿಗೆ ಬರುತ್ತದೆ: ಬಟ್ಟೆಯ ತುಂಡು, ಜಿಪ್ಪು, ದಾರದ ಉಂಡೆ, ರಟ್ಟಿನ ಕೊಳವೆ, ಬಣ್ಣದ ಕಾಗದದ ಅಂಚು. ಶಾಲೆಯ ಟೀಚರುಗಳೂ ಚಿತ್ರ ಬರೆಯುವವರೂ ಚೀಲ ಹಿಡಿದು ಬಂದು ಬೇಕಾದ್ದನ್ನು ತುಂಬಿಕೊಂಡು ಹೋಗುತ್ತಾರೆ. ನನ್ನದು ನೂಲಿನ ಮೇಜು. ಹಳೆಯ ಸ್ವೆಟರುಗಳನ್ನು ಬಿಚ್ಚುತ್ತೇನೆ, ನೂಲನ್ನು ತೊಳೆದು ಉಂಡೆ ಕಟ್ಟುತ್ತೇನೆ, ಚಿಂದಿಯಿಂದ ಜಮಖಾನೆ ನೇಯುತ್ತೇನೆ, ಗೋಡೆಗೆ ತೂಗುಹಾಕುವ ದೊಡ್ಡ ಚಿತ್ರಗಳನ್ನೂ ನೇಯುತ್ತೇನೆ. ಶನಿವಾರ ಹೆಂಗಸರಿಗೆ ಹೇಳಿಕೊಡುತ್ತೇನೆ. ನನ್ನ ಎದೆಯ ಮೇಲೆ ಒಂದು ಚೀಟಿ ಚುಚ್ಚಿದ್ದಾರೆ, 'ನೂಲು ಕಲಾವಿದೆ' ಅಂತ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಗೆ ಬಿಟ್ಟವಳಿಗೆ! ಗುಂಡಿ ಮೇಷ್ಟ್ರು ದಿನಾ ಬೆಳಿಗ್ಗೆ, "ಏನಮ್ಮಾ ಕಲಾವಿದೆ, ಇವತ್ತು ಯಾರ ಸ್ವೆಟರಿನ ಪ್ರಾಣ ತೆಗೀತೀಯ?" ಅಂತ ಕೇಳುತ್ತಾರೆ. ಅವರು ನಿವೃತ್ತ ಗಣಿತದ ಮೇಷ್ಟ್ರು. ಬಂದ ಗುಂಡಿಗಳನ್ನೆಲ್ಲ ಬಣ್ಣ, ಅಳತೆ, ತೂತು ನೋಡಿ ಡಬ್ಬಿಗೆ ಹಾಕುವುದು ಅವರ ಕೆಲಸ. ಎರಡು ತೂತಿನ ಗುಂಡಿ ನಾಲ್ಕು ತೂತಿನ ಡಬ್ಬಿಗೆ ಬಿದ್ದರೆ ಅವತ್ತು ಅವರಿಗೆ ಊಟ ಸೇರುವುದಿಲ್ಲ.

ಇಲ್ಲಿ ಎರಡು ನಿಯಮ. ಪೆಟ್ಟಿಗೆ ಬಂದ ಕೂಡಲೆ ಕಳಿಸಿದವರ ಹೆಸರಿನ ಚೀಟಿಯನ್ನು ಬಾಗಿಲಲ್ಲೇ ಕಿತ್ತುಹಾಕುತ್ತಾರೆ. ಕೊಟ್ಟವರ ಬಗ್ಗೆ ನಾವು ಮಾತಾಡಿಕೊಳ್ಳಬಾರದು ಅಂತ. ಎರಡನೆಯದು, ನನ್ನ ಮೇಜಿನ ಕೆಳಗಿರುವ ಮೂರು ಬುಟ್ಟಿ: 'ಇರಲಿ', 'ಬಿಚ್ಚು', 'ಚೂರು'. ಅರ್ಧ ಹೆಣೆದು ಬಿಟ್ಟದ್ದು ಯಾರ ಮೈಗೂ ಆಗುವುದಿಲ್ಲ, ನೇರವಾಗಿ 'ಬಿಚ್ಚು' ಬುಟ್ಟಿಗೆ. ಹೋದ ವಾರ ಹಾಗೆ ಒಂದು ಬಂದಿತ್ತು. ಗಿಳಿಹಸಿರು ಉಣ್ಣೆ, ಮಗುವಿನ ಅಳತೆ, ಬೆನ್ನಿನ ಭಾಗ ಅರ್ಧ ಆಗಿತ್ತು. ಕಡ್ಡಿ ತೆಗೆದು ಕುಣಿಕೆಗಳನ್ನು ದಾರದಲ್ಲಿ ಪೋಣಿಸಿಟ್ಟಿದ್ದರು. ಒಂದು ಕುಣಿಕೆ ಉಸಿರು ಕಟ್ಟುವಷ್ಟು ಬಿಗಿ, ಪಕ್ಕದ್ದು ಬೆರಳು ತೂರುವಷ್ಟು ಸಡಿಲ, ನಡುನಡುವೆ ಬಿಟ್ಟುಹೋದದ್ದು ಬೇರೆ. ನಾನು, "ಯಾರೋ ಕಲಿಯೋರ ಕೈ ಇದು" ಅಂದೆ. ಮೇಷ್ಟ್ರು ಕನ್ನಡಕ ಏರಿಸಿ ನೋಡಿ, "ಕಲಿಯೋರಲ್ಲ ಕಣಮ್ಮ, ಕಲಿಯಲ್ಲ ಅಂತ ಹಟ ಹಿಡಿದೋರ ಕೈ" ಅಂದರು. ಎಲ್ಲರೂ ನಕ್ಕೆವು. ಬಿಚ್ಚುವುದಕ್ಕೆ ಕಾಲು ಗಂಟೆಯೂ ಹಿಡಿಯಲಿಲ್ಲ.

ಇಷ್ಟುದ್ದ ಬರೆದದ್ದು ಒಂದು ಮಾತು ಕೇಳುವುದಕ್ಕೆ. ಅಮ್ಮನ ಹೆಣಿಗೆ ಕಡ್ಡಿ ನಿನ್ನ ಹತ್ತಿರ ಇವೆಯಾ? ನಿನಗೆ ಹೆಣಿಗೆ ಬರುವುದಿಲ್ಲ. ಇಲ್ಲಿ ದಿನಾ ನೂರು ಜನರ ಕೈ ನನ್ನ ಕೈಗೆ ಬರುತ್ತದೆ, ಅಮ್ಮನದು ಒಂದೂ ಇಲ್ಲ. ಕೊಡಲೇಬೇಕೆಂದಿಲ್ಲ. ಕೇಳಿದೆ ಅಷ್ಟೆ.

ನಿಮ್ಮ ಯಜಮಾನರನ್ನು ಕೇಳಿದೆನೆಂದು ಹೇಳು.

ಇಂತಿ ನಿನ್ನ
ಅಕ್ಕ


ಜನವರಿ ೨೨

ಅಕ್ಕ,

ಕಾಗದ ಬಂತು. ಓದಿದೆ.

ಡಿಸೆಂಬರ್ ಕೊನೆಯಲ್ಲಿ ನಿಮ್ಮ ಸಂಸ್ಥೆಯ ವಿಳಾಸಕ್ಕೆ ನಾನೊಂದು ರಟ್ಟಿನ ಪೆಟ್ಟಿಗೆ ಕಳಿಸಿದ್ದೆ. ಅಮ್ಮನ ಶಾಲು ಎರಡು, ಹತ್ತಿದಾರದ ಉಂಡೆ ನಾಲ್ಕು, ಅರ್ಧ ಆಗಿದ್ದ ಗಿಳಿಹಸಿರು ಉಣ್ಣೆಯದು ಒಂದು. ದಾರದಲ್ಲಿ ಪೋಣಿಸಿದವಳು ನಾನು.

ಅದು ಅಮ್ಮ ಹೆಣೆದದ್ದು. ಕೊನೆಯದು.

ನೀವೆಲ್ಲ ನಕ್ಕಿರಿ ಎಂದು ಬರೆದಿದ್ದೀಯ.

ಕಡ್ಡಿ ನನ್ನ ಹತ್ತಿರ ಇವೆ. ಕಳಿಸುವುದಿಲ್ಲ.

ತಂಗಿ


ಫೆಬ್ರವರಿ ೨

ಪುಟ್ಟಿಗೆ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಮೂರು ಸಲ ಬರೆಯಲು ಕೂತು ಎದ್ದೆ. ಬಣ್ಣ ಕಟ್ಟದೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಕಾಗದವನ್ನು ಮೇಜಿನ ಹತ್ತಿರ ನಿಂತು ಓದಿದೆ. ಅಲ್ಲೇ ಮಣೆಯ ಮೇಲೆ ಕೂತೆ. ಮೇಷ್ಟ್ರು, "ಏನಮ್ಮಾ, ಊರಿಂದ ಕೆಟ್ಟ ಸುದ್ದಿಯಾ?" ಅಂದರು. "ಸುದ್ದಿ ಹಳೇದು ಮೇಷ್ಟ್ರೆ, ನನಗೆ ಈಗ ತಿಳೀತು" ಅಂದೆ. ಕಾಗದ ತೋರಿಸಿದೆ. ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಹೋಗಿ ಗುಂಡಿಗಳ ಮುಂದೆ ಕೂತರು. ಅವತ್ತು ಅವರೂ ಊಟದ ಡಬ್ಬಿ ತೆರೆಯಲಿಲ್ಲ.

ಶಾಲುಗಳು ಹೋಗಿಬಿಟ್ಟಿವೆ. ಒಂದನ್ನು ಯಾವುದೋ ಶಾಲೆಯವರು ನಾಟಕದ ರಾಜನಿಗೆ ಹೊದಿಸಲು ತೆಗೆದುಕೊಂಡು ಹೋದರಂತೆ. ಇನ್ನೊಂದು ಎಲ್ಲಿ ಹೋಯಿತೋ ಗೊತ್ತಿಲ್ಲ. ಹತ್ತಿದಾರವನ್ನು ಆಗಲೇ ಒಂದು ಜಮಖಾನೆಗೆ ಸೇರಿಸಿ ನೇಯ್ದಾಗಿದೆ.

ಹಸಿರು ನೂಲು ಇದೆ. ಬಿಚ್ಚಿದ ನೂಲನ್ನು ನಾವು ಲಡಿ ಸುತ್ತಿ ಗೂಟಕ್ಕೆ ನೇತುಹಾಕಿ, ಗುರುವಾರ ತೊಳೆಯುತ್ತೇವೆ. ತೊಟ್ಟಿಯ ಕೊಳಾಯಿ ಕೆಟ್ಟು ಮೂರು ಗುರುವಾರ ತೊಳೆಯಲಿಲ್ಲ. ನಾವೆಲ್ಲ ಆ ಕೊಳಾಯಿಯನ್ನು ಬೈದದ್ದೇ ಬೈದದ್ದು. ಈಗ ಅದನ್ನು ಕೆಡಿಸಿದ ದೇವರಿಗೆ ಕೈಮುಗಿದಿದ್ದೇನೆ. ಯಾಕೆಂದು ಹೇಳುತ್ತೇನೆ ಕೇಳು. ಬಿಚ್ಚಿದ ಉಣ್ಣೆ ನೆಟ್ಟಗಿರುವುದಿಲ್ಲ, ಗುಂಗುರು ಕೂದಲ ಹಾಗೆ ಸುರುಳಿಯಾಗಿರುತ್ತದೆ. ಪ್ರತಿಯೊಂದು ಕುಣಿಕೆಯೂ ನೂಲಿನ ಮೇಲೆ ಒಂದು ಡೊಂಕು ಉಳಿಸಿ ಹೋಗಿರುತ್ತದೆ. ಬಿಗಿ ಕುಣಿಕೆಯದು ಸಣ್ಣ ಡೊಂಕು, ಸಡಿಲದ್ದು ದೊಡ್ಡ ಡೊಂಕು. ಬಿಸಿನೀರು ಮುಟ್ಟಿತೋ ಎಲ್ಲ ಅಳಿಸಿಹೋಗುತ್ತದೆ. ಇದಕ್ಕೆ ನೀರು ಮುಟ್ಟಿಲ್ಲ.

ನಾನು ಗುರುತಿಸಲಿಲ್ಲ ಪುಟ್ಟಿ. ಅಮ್ಮನ ಕೈಯನ್ನು ಕಣ್ಣು ಮುಚ್ಚಿ ಮುಟ್ಟಿದರೂ ಹೇಳುತ್ತೇನೆ ಅಂತ ಬೀಗುತ್ತಿದ್ದವಳು ನಾನು. ಅಮ್ಮ ಹೆಣೆದರೆ ಅಚ್ಚಿಗೆ ಹೊಯ್ದ ಹಾಗಿರುತ್ತಿತ್ತು, ಅದನ್ನೇ ನಾನು ಹುಡುಕುತ್ತಿದ್ದದ್ದು. ಆ ಕೈ ಇಷ್ಟು ಸೋತಿತ್ತೆಂದು ನನಗೆ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಎಂದು ನೀನು ಕೇಳುವ ಮುಂಚೆ ನಾನೇ ಬರೆಯುತ್ತೇನೆ: ಕೊನೆಯ ಒಂದೂವರೆ ವರ್ಷ ನಾನು ಬರಲಿಲ್ಲ. ನೀನು ಒಬ್ಬಳೇ ನೋಡಿಕೊಂಡೆ.

ತಪ್ಪಾಯಿತು ಎಂದು ಬರೆದರೆ ನಿನಗೆ ಸಿಟ್ಟು ಹೆಚ್ಚುತ್ತದೆ, ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ತಪ್ಪಾಯಿತು.

ಒಂದು ಕೇಳಲಾ? ಪೆಟ್ಟಿಗೆಯನ್ನು ನನ್ನ ಹೆಸರಿಗೆ ಯಾಕೆ ಕಳಿಸಲಿಲ್ಲ?

ಅಕ್ಕ


ಫೆಬ್ರವರಿ ೨೬

ಪುಟ್ಟಿಗೆ,

ಉತ್ತರ ಬರಲಿಲ್ಲ. ಬರದಿದ್ದರೂ ಬರೆಯುತ್ತೇನೆ.

ನಾನೊಂದು ಸುಳ್ಳು ಹೇಳಿದೆ. ನಮ್ಮ ಸಂಸ್ಥೆ ನಡೆಸುವ ಮೇಡಂ ಒಂದು ಗ್ರಂಥಾಲಯದ ಗೋಡೆಗೆ ದೊಡ್ಡ ಮರದ ಚಿತ್ರ ನೇಯಲು ಒಪ್ಪಿಕೊಂಡಿದ್ದಾರೆ. ಎಲೆಗೆ ಹಸಿರು ಸಾಲದು. "ಆವತ್ತು ಗೂಟದ ಮೇಲೊಂದು ಗಿಳಿಹಸಿರು ಇತ್ತಲ್ಲ, ಎಲ್ಲಿ?" ಅಂದರು. "ಹುಳ ಹಿಡಿದಿತ್ತು, ಬಿಸಾಡಿದೆ" ಅಂದೆ. ನೂಲು ನನ್ನ ಚೀಲದಲ್ಲಿತ್ತು. ಐವತ್ತು ವರ್ಷಕ್ಕೆ ಕಳ್ಳತನ, ಮೇಲೊಂದು ಸುಳ್ಳು. ಎರಡು ದಿನ ದೇವರ ಮುಂದೆ ಕೂರಲು ನಾಚಿಕೆಯಾಯಿತು. ಮೂರನೆಯ ದಿನ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಇದನ್ನ ಮೊದಲೇ ಹೇಳಿದ್ರೆ ಹುಳಕ್ಕೆ ಕೆಟ್ಟ ಹೆಸರು ಬರ್ತಿರಲಿಲ್ಲ" ಅಂದರು. ಎಲೆಗಳಿಗೆ ನೀಲಿ ಬೆರೆಸಿಕೊಂಡು ನೇಯಲು ಹೇಳಿದರು. ನೂಲು ನನ್ನ ಹತ್ತಿರವೇ ಇದೆ.

ಅದನ್ನು ಮತ್ತೆ ಹೆಣೆಯಲು ಹೊರಟಿದ್ದೇನೆ. ಡೊಂಕು ಎಣಿಸಿಕೊಂಡು, ಇದ್ದ ಹಾಗೆಯೇ. ಮೇಷ್ಟ್ರು ಭೂತಗನ್ನಡಿ ತಂದುಕೊಟ್ಟು ಎದುರಿಗೆ ಕೂತು ಲೆಕ್ಕ ಬರೆದುಕೊಳ್ಳುತ್ತಿದ್ದಾರೆ. ನಕ್ಕದ್ದಕ್ಕೆ ದಂಡ ಅಂತೆ. ಇಬ್ಬರಿಗೂ ಈಗ ಇಷ್ಟು ಗೊತ್ತಾಗಿದೆ: ಒಂದು ಸಾಲಿಗೆ ಅರವತ್ತೆರಡು ಕುಣಿಕೆ, ಒಟ್ಟು ನಲವತ್ತೊಂದು ಸಾಲು.

ಮಧ್ಯೆ ಹನ್ನೊಂದು ಕಡೆ ನೂಲು ಕತ್ತರಿಸಿ ಮತ್ತೆ ಗಂಟು ಹಾಕಿದೆ. ಬಿಚ್ಚುವಾಗ ಕೈಗೆ ತಡೆದಿತ್ತು, ಯಾರೋ ತುಂಡು ನೂಲು ಸೇರಿಸಿಕೊಂಡು ಹೆಣೆದಿದ್ದಾರೆ ಅಂದುಕೊಂಡಿದ್ದೆ. ಭೂತಗನ್ನಡಿಯಲ್ಲಿ ನೋಡಿದರೆ ಎಲ್ಲ ಗಂಟುಗಳೂ ತಿರುಗುಮುರುಗು. ಎಡಗೈಯವರು ಹಾಕುವ ಗಂಟು. ಅವು ಅಮ್ಮನವಲ್ಲ. ನಿನ್ನ ಶಾಲೆಯ ಬೂಟಿನ ದಾರ ಬಿಚ್ಚಲಾಗದೆ ನಾನು ಹಲ್ಲಿನಿಂದ ಎಳೆಯುತ್ತಿದ್ದೆನಲ್ಲ, ಅದೇ ಗಂಟು. ಅಮ್ಮನ ಕೈಯೂ ನಿನ್ನ ಕೈಯೂ ಒಂದೇ ನೂಲಿನಲ್ಲಿ ನನ್ನ ಬೆರಳ ಸಂದಿಯಲ್ಲಿ ಹಾದುಹೋಗಿವೆ. ನಾನು ಮೇಷ್ಟ್ರ ತಮಾಷೆ ಕೇಳುತ್ತ ಕೂತಿದ್ದೆ.

ನೂಲನ್ನು ಕತ್ತರಿಸಿದವರು ಯಾರು? ಅಳತೆ ಮಗುವಿನದು, ನಿನಗೆ ಮೊಮ್ಮಕ್ಕಳಿಲ್ಲ, ನನಗೂ ಇಲ್ಲ. ಯಾರಿಗೆ ಹೆಣೆಯುತ್ತಿದ್ದಳು?

ಅಕ್ಕ


ಮಾರ್ಚ್ ೧೪

ಅಕ್ಕ,

ನಿನಗೆ ಉತ್ತರ ಬರೆಯಬಾರದು ಅಂತಲೇ ಇದ್ದೆ. ಇವರು ನಮ್ಮ ಔಷಧದಂಗಡಿಗೆ ಬಂದು, ಗಿರಾಕಿಗಳ ಎದುರಿಗೇ, "ಅಲ್ಲ ಕಣೇ, ಆಯಮ್ಮ ಭೂತಗನ್ನಡಿ ಹಿಡ್ಕೊಂಡು ನಿನ್ನ ಗಂಟು ಎಣಿಸ್ತಾ ಕೂತಿದ್ದಾರೆ, ನೀನು ಇಲ್ಲಿ ಮಾತ್ರೆ ಎಣಿಸ್ತಾ ಕೂತಿದ್ದೀಯ" ಅಂದರು. ನನ್ನ ಕಾಗದ ಓದಬೇಡಿ ಅಂತ ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ.

ಎಲ್ಲ ಬರೆಯುತ್ತೇನೆ. ಒಂದೇ ಸಲ. ಆಮೇಲೆ ಕೇಳಬೇಡ.

ನೀನು ಬಂದ ಆ ಒಂದು ದಿನ ನೆನಪಿದೆಯಾ? ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ನಿನ್ನನ್ನು ನೋಡಿ, "ಯಾರಮ್ಮ ನೀವು?" ಅಂದಳು. ನೀನು ತಂದ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು, ನೀರೂ ಕುಡಿಯದೆ ಚಪ್ಪಲಿ ಮೆಟ್ಟಿ ಹೋದೆ. ಆಮೇಲೆ ಬರಲಿಲ್ಲ. ನೀನು ಮೆಟ್ಟಿಲಿಳಿಯುವಾಗ ಅಮ್ಮ ನನ್ನನ್ನು ಕೇಳಿದಳು: "ಯಾರೇ ಅದು? ನಮ್ಮ ದೊಡ್ಡವಳ ಟೀಚರಾ? ಏನಾದ್ರೂ ದೂರು ಹೇಳೋಕೆ ಬಂದಿದ್ರಾ? ನಮ್ಮ ದೊಡ್ಡವಳು ಅಂಥವಳಲ್ಲ ಅಂತ ಹೇಳೇ." ಅಷ್ಟು ಹೊತ್ತೂ ಅವಳು ನಿನ್ನ ಹಿಂದೆ ಬಾಗಿಲ ಕಡೆ ನೋಡುತ್ತಿದ್ದಳು. ಶಾಲೆಯ ಚೀಲ ಹೊತ್ತುಕೊಂಡು ಚಿಕ್ಕ ಹುಡುಗಿ ನೀನು ಬರುತ್ತೀಯ ಅಂತ.

ಮಾರನೆಯ ಬೆಳಿಗ್ಗೆಯೇ ಶುರುವಾಯಿತು. ಉಣ್ಣೆ ತಾ ಅಂದಳು. ಗಿಳಿಹಸಿರೇ ಆಗಬೇಕು. ಬೂದು ತಂದೆ, ಎಸೆದಳು. ಮೂರು ಅಂಗಡಿ ಅಲೆದು ಹಸಿರು ತಂದೆ. ಅದು ನಿನಗೆ ಅಕ್ಕ. ಐದನೇ ತರಗತಿಯ ನಿನಗೆ. ಪಕ್ಕದ ಮನೆಯ ಹುಡುಗಿಯನ್ನು ಕರೆದು ಬೆನ್ನಿನ ಅಳತೆ ತೆಗೆದುಕೊಂಡಳು. "ದೊಡ್ಡವಳು ಶಾಲೆಯಿಂದ ಬಂದಳಾ?" ಇದನ್ನು ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದಳೋ ಲೆಕ್ಕವಿಲ್ಲ. "ದಾರೀಲಿದ್ದಾಳೆ ಅಮ್ಮ, ಈಗ ಬರ್ತಾಳೆ" ಅನ್ನುತ್ತಿದ್ದೆ. ಹಾಗಂದರೆ ಊಟ ಮಾಡುತ್ತಿದ್ದಳು.

ಕತ್ತರಿಸುತ್ತಿದ್ದದ್ದು ಅವಳೇ. ಕೆಲವು ದಿನ ಇದ್ದಕ್ಕಿದ್ದ ಹಾಗೆ "ಮುಗೀತು" ಅಂದು ಕತ್ತರಿಯಿಂದ ಕಚಕ್ಕನೆ ಕತ್ತರಿಸಿಬಿಡುತ್ತಿದ್ದಳು. ತೊಡಿಸು ಅವಳಿಗೆ ಅಂತ ನನ್ನ ಕೈಗೆ ಕೊಡುತ್ತಿದ್ದಳು. ಅಂಗೈ ಅಗಲದ ಹೆಣಿಗೆ. ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದೆ. ಮಾರನೆಯ ದಿನ ಗಂಟು ಹಾಕಿ ಮತ್ತೆ ಅವಳ ತೊಡೆಯ ಮೇಲಿಡುತ್ತಿದ್ದೆ. ಹಾಗೆ ಹನ್ನೊಂದು ಸಲ. ಎರಡನೇ ಗಂಟು ಬಿದ್ದಾಗ ಅವಳಿಗೆ ಜ್ವರ. ಐದನೆಯದರ ಆಮೇಲೆ ಒಂದು ತಿಂಗಳು ಕಡ್ಡಿ ಮುಟ್ಟಲಿಲ್ಲ, ಅಲ್ಲಿಂದ ಮುಂದೆ ಸಾಲು ಪೂರ್ತಿ ಸಡಿಲ. ಒಂಬತ್ತನೆಯ ಸಲ ನಾನು ರೇಗಿದೆ. "ಎಷ್ಟು ಸಲ ಕತ್ತರಿಸ್ತೀಯಮ್ಮ, ನನಗೇನು ಬೇರೆ ಕೆಲಸ ಇಲ್ವಾ" ಅಂತ ಕೂಗಿದೆ. ಅವಳು ಕತ್ತರಿಯನ್ನು ದಿಂಬಿನ ಕೆಳಗೆ ಬಚ್ಚಿಟ್ಟಳು. ಆ ಗಂಟನ್ನು ನಾನು ತುಂಬ ಬಿಗಿಯಾಗಿ ಹಾಕಿದ್ದೇನೆ, ನೋಡಿದರೆ ಗೊತ್ತಾಗುತ್ತದೆ. ಹನ್ನೊಂದನೆಯದಾದ ಮೇಲೆ ಏಳು ಸಾಲು. ಅಷ್ಟೆ.

ನಿನ್ನ ಹೆಸರಿಗೆ ಯಾಕೆ ಕಳಿಸಲಿಲ್ಲ ಅಂತ ಕೇಳಿದೆ. ಅಮ್ಮನ ತಲೆ ಬಾಚಿದವಳು ನಾನು. ಬೆನ್ನು ತೊಳೆದವಳು ನಾನು. ಹಾಸಿಗೆ ಒಗೆದವಳು ನಾನು. ಹೆಣೆದದ್ದು ನಿನಗೆ. ಒಂದು ದಿನ ನಾಚಿಕೆ ಬಿಟ್ಟು ಕೇಳಿದೆ, "ನನಗೇನೂ ಇಲ್ವೇನಮ್ಮ?" ಅಂತ. "ನಿನಗ್ಯಾಕೇ, ನೀನು ಇಲ್ಲೇ ಇದ್ದೀಯಲ್ಲ" ಅಂದಳು.

ನಿನಗೆ ಕಳಿಸಲು ಕೈ ಬರಲಿಲ್ಲ. ಇಟ್ಟುಕೊಳ್ಳಲೂ ಆಗಲಿಲ್ಲ. ಸಂಸ್ಥೆಗೆ ಕಳಿಸಿದೆ. ನೀನು ಗುರುತಿಸಿದರೆ ನಿನ್ನದು, ಇಲ್ಲದಿದ್ದರೆ ಯಾರದೂ ಅಲ್ಲ ಅಂದುಕೊಂಡೆ. ನಿನಗೆ ಪರೀಕ್ಷೆ ಇಟ್ಟೆ. ಅಮ್ಮನ ವಸ್ತುವನ್ನು ಹಾಗೆ ಪಣಕ್ಕಿಡಬಾರದಿತ್ತು. ನೀನು ಸೋತೆ ಎಂದು ತಿಳಿದ ದಿನ ನನಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ತಂಗಿ


ಮಾರ್ಚ್ ೨೪

ಪುಟ್ಟಿಗೆ,

ಟೀಚರ್ ಅಂದುಕೊಂಡಳಾ? ಓದಿ ನಗು ಬಂತು. ಏಳನೇ ತರಗತಿ ದಾಟದ ನನ್ನನ್ನು ಟೀಚರ್ ಮಾಡಿದವಳು ಅಮ್ಮ ಒಬ್ಬಳೇ. ಆಮೇಲೆ ನಗು ನಿಂತುಹೋಯಿತು.

ನಾನು ಯಾಕೆ ಬರಲಿಲ್ಲ ಅಂತ ನೀನು ಯಾವತ್ತೂ ಕೇಳಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ನಿನ್ನ ಕತ್ತು ಹಿಡಿದು ಕೇಳುತ್ತಿದ್ದೆ. ಕೆಲಸ ಇತ್ತು, ಸೊಂಟ ನೋವಿತ್ತು ಅಂತ ಊರಿಗೆಲ್ಲ ಹೇಳಿದೆ. ಕೆಲಸವೂ ಇತ್ತು, ಸೊಂಟವೂ ನೋಯುತ್ತಿತ್ತು, ಅದು ಕಾರಣವಲ್ಲ. ಹೆತ್ತವಳೇ ಯಾರಮ್ಮ ನೀವು ಅಂದದ್ದು ನನಗೆ ತಡೆಯಲಾಗಲಿಲ್ಲ. ಇನ್ನೊಂದು ಸಲ ಅದೇ ಮಾತು ಕೇಳುವುದಕ್ಕಿಂತ ಹೋಗದಿರುವುದು ಸುಲಭ ಅನ್ನಿಸಿತು. ಅಮ್ಮ ನನ್ನನ್ನು ಗುರುತಿಸಲಿಲ್ಲ ಅಂತ ನಾನು ಅಮ್ಮನನ್ನು ಬಿಟ್ಟೆ. ಅಮ್ಮನ ಹೆಣಿಗೆಯೇ ನನ್ನನ್ನು ಹುಡುಕಿಕೊಂಡು ಬಂದಾಗ ನಾನು ಅದನ್ನು ಗುರುತಿಸಲಿಲ್ಲ. ದೇವರು ಲೆಕ್ಕ ಚುಕ್ತಾ ಮಾಡಿದ ಅನ್ನೋಣವೆಂದರೆ ಅಮ್ಮ ಮರೆತದ್ದು ಕಾಯಿಲೆಯಿಂದ, ನಾನು ಮರೆತದ್ದಕ್ಕೆ ಯಾವ ಕಾಯಿಲೆಯೂ ಇಲ್ಲ.

ಗಿಳಿಹಸಿರು ನಿನಗೆ ಗೊತ್ತಿಲ್ಲ, ನೀನು ಆಗ ಇನ್ನೂ ಚಿಕ್ಕವಳು. ಐದನೇ ತರಗತಿಯಲ್ಲಿ ನಾನು ಅದೇ ಬಣ್ಣ ಬೇಕೆಂದು ಅತ್ತು ಕರೆದು ರಂಪ ಮಾಡಿದ್ದೆ. ಅಂಗಡಿಯಲ್ಲಿ ಬೂದು ಮಾತ್ರ ಇತ್ತು. "ಈ ವರ್ಷ ಇದು ಹಾಕ್ಕೋ, ಮುಂದಿನ ವರ್ಷ ಗಿಳಿಹಸಿರು" ಅಂದಿದ್ದಳು. ಮುಂದಿನ ವರ್ಷ ನಾನೇ ಮರೆತೆ. ಅವಳು ಎಲ್ಲ ಮರೆತು ಇದೊಂದನ್ನು ಇಟ್ಟುಕೊಂಡಿದ್ದಳು.

ನಿನಗೇನೂ ಹೆಣೆಯಲಿಲ್ಲ ಅಂದೆ. ಅದಕ್ಕೆ ನಾನು ಏನು ಹೇಳಿದರೂ ಗಾಯಕ್ಕೆ ಉಪ್ಪು ಸವರಿದ ಹಾಗಾಗುತ್ತದೆ.

ಒಂಬತ್ತನೆಯ ಗಂಟನ್ನು ಹುಡುಕಿದೆ. ಹೌದು, ಕಲ್ಲಿನ ಹಾಗಿದೆ. ಯಾವ ಗಂಟನ್ನೂ ನಾನು ಬಿಚ್ಚುವುದಿಲ್ಲ.

ಹೆಣೆಯಲು ಶುರು ಮಾಡಿದ್ದೇನೆ.

ನಿನ್ನ
ಅಕ್ಕ


ಏಪ್ರಿಲ್ ೨೦

ಪುಟ್ಟಿಗೆ,

ಇದರ ಜೊತೆಗಿರುವ ಪಾರ್ಸೆಲ್ಲಿನಲ್ಲಿ ಹೆಣಿಗೆ ಇದೆ. ನಲವತ್ತೊಂದು ಸಾಲು, ಹನ್ನೊಂದು ಗಂಟು, ಎಲ್ಲವೂ ಇದ್ದ ಜಾಗದಲ್ಲೇ. ಕುಣಿಕೆಗಳನ್ನು ದಾರದಲ್ಲಿ ಪೋಣಿಸಿದ್ದೇನೆ, ನೀನು ಪೋಣಿಸಿದ್ದ ಹಾಗೆ. ಈ ಸಲ ಹೆಸರು ಬರೆದೇ ಕಳಿಸಿದ್ದೇನೆ.

ಆದರೆ ಇದು ಅಮ್ಮನದಾಗಲಿಲ್ಲ. ಡೊಂಕು ಎಣಿಸಿದೆ, ಮೇಷ್ಟ್ರು ಬರೆದ ಲೆಕ್ಕ ಎದುರಿಗಿಟ್ಟುಕೊಂಡೆ, ಸಡಿಲ ಇರಬೇಕಾದಲ್ಲಿ ಸಡಿಲ ಬಿಟ್ಟೆ. ಎರಡು ಸಾಲು ಹಾಗೆ ಹೋಗುತ್ತದೆ, ಮೂರನೆಯ ಸಾಲಿಗೆ ಕೈ ತನ್ನಷ್ಟಕ್ಕೆ ನೆಟ್ಟಗಾಗುತ್ತದೆ. ನಲವತ್ತು ವರ್ಷ ಕಲಿತ ಕೈ, ತಪ್ಪು ಮಾಡು ಅಂದರೆ ಮಾಡುವುದಿಲ್ಲ. ಮೂರು ಸಲ ಬಿಚ್ಚಿ ಮೂರು ಸಲ ಹೆಣೆದೆ. ಇನ್ನೊಂದು ಸಲ ಬಿಚ್ಚಿದರೆ ಅಮ್ಮನ ಡೊಂಕು ಪೂರ್ತಿ ಅಳಿಸಿ ನನ್ನದೇ ಉಳಿಯುತ್ತದೆ. ಅದಕ್ಕೇ ನಿಲ್ಲಿಸಿದೆ. ಮೇಷ್ಟ್ರಿಗೆ ತೋರಿಸಿ, "ಹೇಗಿದೆ?" ಅಂದೆ. "ಚೆನ್ನಾಗಿದೆ ಕಣಮ್ಮ. ಅದೇ ತೊಂದರೆ" ಅಂದರು.

ಅಮ್ಮ ಹೇಗೆ ಕೂರುತ್ತಿದ್ದಳು, ಕೈ ಎಲ್ಲಿ ನಡುಗುತ್ತಿತ್ತು, ಅದನ್ನೆಲ್ಲ ನೋಡಿದವಳು ನೀನು. ಆ ನೂಲು ನಿನ್ನ ಹತ್ತಿರವೇ ಇರಬೇಕಾದದ್ದು. ನನಗೆ ಅಂತ ಹೆಣೆದಿದ್ದರೂ ಸರಿ. ಇಟ್ಟುಕೋ.

ಅಕ್ಕ


ಮೇ ೬

ಅಕ್ಕ,

ಪಾರ್ಸೆಲ್ ಬಂತು. ಬಿಚ್ಚಿ ನೋಡಿದೆ. ಅಂಗಡಿಯಲ್ಲಿ ಗಾಜಿನ ಒಳಗೆ ಇಡುತ್ತಾರಲ್ಲ, ಹಾಗಿದೆ. ನಿಜವಾಗಲೂ ಅಮ್ಮನದಲ್ಲ.

ಅದಕ್ಕೇ ಸ್ವಲ್ಪ ಬಿಚ್ಚಿದೆ. ಗಾಬರಿ ಬೀಳಬೇಡ, ಕೊನೆಯ ಗಂಟಿನವರೆಗೆ ಮಾತ್ರ, ಏಳು ಸಾಲು. ಅಮ್ಮನ ಕಡ್ಡಿ ತೆಗೆದುಕೊಂಡು ಅವಳ ಕುರ್ಚಿಯಲ್ಲೇ ಕೂತು ಹೆಣೆದೆ. ನನಗೆ ಹೆಣಿಗೆ ಬರುವುದಿಲ್ಲ ಅಂತ ನಿನಗೆ ಗೊತ್ತು. ಚಿಕ್ಕಂದಿನಲ್ಲಿ ಅಮ್ಮ ಕಲಿಸಲು ನೋಡಿ, "ಈ ಎಡಚಿಗೆ ಕಲಿಸೋದಕ್ಕಿಂತ ಕನ್ನಡಿಗೆ ಕಲಿಸಬಹುದು" ಅಂತ ಕೈಬಿಟ್ಟಿದ್ದಳು. ಏಳು ಸಾಲಿಗೆ ಹತ್ತು ದಿನ ಹಿಡಿಯಿತು. ಒಂದು ಬಿಗಿ, ಒಂದು ಸಡಿಲ, ಎರಡು ಕಡೆ ಕುಣಿಕೆ ಬಿಟ್ಟುಹೋಗಿದೆ. ಬೇಕೆಂದು ಮಾಡಿದ್ದಲ್ಲ. ಇವರು ಊಟಕ್ಕೆ ಬಂದವರು ಮೇಜಿನ ಮೇಲೆ ನೋಡಿ, "ಇದೇನು, ಅತ್ತೆ ಹೆಣೆದದ್ದು ಹಾಗೇ ವಾಪಸು ಬಂತಾ?" ಅಂದರು. ಕಾಗದ ಓದುವ ಮನುಷ್ಯ, ನಿನ್ನ ಈ ಸಲದ್ದನ್ನು ಮಾತ್ರ ಓದಿರಲಿಲ್ಲ.

ಕಲಿಯೋರ ಕೈ ಅಂದಿದ್ದೆಯಲ್ಲ. 'ಬಿಚ್ಚು' ಬುಟ್ಟಿಗೆ ಹಾಕುತ್ತೀಯೋ, 'ಇರಲಿ' ಬುಟ್ಟಿಗೋ, ಬಂದು ನೋಡಿ ಹೇಳು. ಪೋಸ್ಟಿನಲ್ಲಿ ಕಳಿಸುವುದಿಲ್ಲ. ಕಡ್ಡಿಯನ್ನೂ ಕಳಿಸುವುದಿಲ್ಲ. ನಲವತ್ತೆರಡನೇ ಸಾಲು ನನ್ನಿಂದ ಆಗುವುದಿಲ್ಲ, ಕಂಕುಳಿಗೆ ಕುಣಿಕೆ ಕಡಿಮೆ ಮಾಡಬೇಕು, ಅದು ನನಗೆ ಬರುವುದಿಲ್ಲ.

ಇನ್ನೊಂದು. ಅಮ್ಮನಿಗೆ ಒಂದೂವರೆ ವರ್ಷ ದಿನಾ ಸುಳ್ಳು ಹೇಳಿದ್ದೇನೆ, ದಾರೀಲಿದ್ದಾಳೆ ಅಂತ. ನೀನು ಹುಳದ ಸುಳ್ಳನ್ನು ಮೂರು ದಿನ ಹೊರಲಾರದೆ ಹೋದೆ. ನನ್ನದನ್ನು ಲೆಕ್ಕ ಹಾಕಿ ನೋಡು.

ಪುಟ್ಟಿ


ಮೇ ೧೨

ಪುಟ್ಟಿಗೆ,

ಇದು ಕಾರ್ಡು, ಜಾಗ ಕಡಿಮೆ. ಶುಕ್ರವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಅಲ್ಲಿರುತ್ತೇನೆ. ಶನಿವಾರದ ಪಾಠ ಮೇಡಂ ನೋಡಿಕೊಳ್ಳುತ್ತಾರೆ. ಸಂಸ್ಥೆಯ 'ಇರಲಿ' ಬುಟ್ಟಿಯನ್ನೇ ಕೇಳಿ ತೆಗೆದುಕೊಂಡಿದ್ದೇನೆ. ಮೇಷ್ಟ್ರು ಐದು ಹಸಿರು ಗುಂಡಿ ಕೊಟ್ಟಿದ್ದಾರೆ, ಐದಕ್ಕೂ ನಾಲ್ಕು ತೂತು, ಎರಡೆರಡು ಸಲ ನೋಡಿದ್ದಾರಂತೆ. ಇದು ಮುಗಿದ ಮೇಲೆ ಕಡ್ಡಿ ಖಾಲಿ ಇರುತ್ತದೆ. ನಿನ್ನ ಬೆನ್ನಿನ ಅಳತೆ ತೆಗೆದುಕೊಳ್ಳಬೇಕು, ಯಾವ ಬಣ್ಣ ಅಂತ ಈಗಲೇ ಯೋಚಿಸಿಡು. ಬೂದು ಬೇಡ.

ಕುರ್ಚಿಯನ್ನು ಕಿಟಕಿಯ ಹತ್ತಿರವೇ ಬಿಡು. ಶಾಲೆಯಿಂದ ಬಂದಾಗ ಕೂಗುತ್ತಿದ್ದ ಹಾಗೆ ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತೇನೆ, "ಅಮ್ಮಾ, ಬಂದೆ" ಅಂತ. ನೀನು ಬಾಗಿಲು ತೆಗಿ.

ಅಕ್ಕ